ದ್ವೀಪವೂ ಅತಿಥಿಗಳೂ

ದ್ವೀಪವೆಂದರೆ ನಾಲ್ಕು ಕಡೆಗಳಲ್ಲಿಯೂ ನೀರಿನಿಂದ ಸುತ್ತುವರಿಯಲ್ಪಟ್ಟ ಭೂಭಾಗವು ಎಂದು ನಮ್ಮ ಶಾಲೆಯ ಕೆಳತರಗತಿಗಳಲ್ಲಿ ಬಾಯಿಪಾಠ ಮಾಡಿದ್ದು ಹಳೆಯ ವಿದ್ಯಾರ್ಥಿನಿಯರಿಗೆ ಇನ್ನೂ ಜ್ಞಾಪಕವಿರಬಹುದು. ಆ ವಾಕ್ಯದಲ್ಲಿ ಅಡಗಿರುವ ಅರ್ಥವನ್ನೆಲ್ಲಾ ಆಗ ನಾವು ತಿಳಿಸಿರಲಿಲ್ಲ. ದ್ವೀಪಕ್ಕೆ ನೆರೆಯೂರಿಲ್ಲ. ಬಾವಿಯ ನೀರು ಉಪ್ಪಾದರೆ ಪಕ್ಕದ ಹಳ್ಳಿಯಿಂದ ಹೊತ್ತು ತರುವ ಹಾಗಿಲ್ಲ. ಕಸವು ರಾಶಿಯಾದರೆ ಊರ ಹೊರಗೆ ಸುರಿಯುವ ಹಾಗಿಲ್ಲ, ಯಾಕಂದರೆ ಊರ ಹೊರಗಿರುವದು ಸಮುದ್ರವೇ. ಇಂಥ ಚಿಕ್ಕ ಮನೆಗೆ ಅತಿಥಿಗಳು ಮಿತಿಮೀರಿ ಬಂದರೆ ಏನಾಗುವದೆಂಬದನ್ನು ಎರಡು ದೇಶಗಳ ವೃತ್ತಾಂತದಿಂದ ತಿಳಿಸಲು ಇಚ್ಛಿಸುತ್ತೇವೆ.

ಫಿಲಿಪೈನ್ಸ್ ದೇಶದ ಬೊರಾಕಾಯ್ ಎಂಬ ದ್ವೀಪದ ವಿಸ್ತಾರವು ಸುಮಾರು ೧೦ ಚದರ ಕಿಲೋಮೀಟರು ಮಾತ್ರ. ಅಲ್ಲಿಯ ಮರಳು ಹಿಟ್ಟಿನಂತೆ ಬಿಳುಪಾಗಿಯೂ ನುಣುಪಾಗಿಯೂ ಇರುವದು. ಅದನ್ನು ನೋಡುವದಕ್ಕೆ ೨೦೧೭ರಲ್ಲಿ ಸುಮಾರು ೨೦ ಲಕ್ಷ ಪ್ರವಾಸಿಗಳು ಬಂದರು. ವಸತಿಗೃಹಗಳು ದಡದ ತನಕ ಎದ್ದವು. ಮಳೆಯ ನೀರನ್ನು ಹೀರಿಕೊಳ್ಳುತ್ತಿದ್ದ ಜೌಗು ನೆಲವನ್ನು ಮುಚ್ಚಿ ಅದರ ಮೇಲೆಯೂ ಕಟ್ಟಿದರು. ಅನೇಕ ಕಟ್ಟಡಗಳ ಹೊಲಸು ನೀರು ಹಾಗೆಯೇ ಸಮುದ್ರವನ್ನು ಸೇರಿತು. ಕಡೆಗೆ ಸರ್ಕಾರದವರು ೨೦೧೮ನೆಯ ಏಪ್ರಿಲ್ ೨೬ರಿಂದ ಆರು ತಿಂಗಳು ದ್ವೀಪವನ್ನೇ ಪ್ರವಾಸಿಗಳಿಗೆ ಮುಚ್ಚಿಬಿಟ್ಟರು. ಕೊಳಚೆಯ ಕೊಳವೆಗಳನ್ನು ಸರಿಪಡಿಸಿ, ದಡವನ್ನು ಒತ್ತಿದ್ದ ಕಟ್ಟಡಗಳನ್ನು ತೆಗೆಯಿಸಿ, ಒಂದೇ ವೇಳೆಯಲ್ಲಿ ೧೯,೨೧೫ ಮಂದಿಗಿಂತ ಹೆಚ್ಚು ಪ್ರವಾಸಿಗಳು ಇರಕೂಡದೆಂದು ಗೊತ್ತುಮಾಡಿ, ಅಕ್ಟೋಬರ್ ೨೬ರಂದು ಪುನಃ ತೆರೆದರು.

ಈ ಔಷಧವು ಅವಶ್ಯವಾಗಿತ್ತೆಂಬದರಲ್ಲಿ ಸಂದೇಹವಿಲ್ಲ. ಆದರೆ ಅದರ ಕಹಿಯನ್ನು ಕುಡಿದವರು ಯಾರು? ಅಡಿಗೆಯವರು, ಕೋಣೆಗಳನ್ನು ಗುಡಿಸುವವರು, ದೋಣಿ ನಡಿಸುವವರು, ದಡದಲ್ಲಿ ಸಾಮಾನು ಮಾರುವವರು. ಹೀಗೆ ಸಾವಿರಾರು ಮಂದಿ ಕೂಲಿಯಿಲ್ಲದೆ ಉಳಿದರು. ಅತಿಥಿಗಳಿಂದ ಹೆಚ್ಚು ಗಳಿಸಿದವರು ಬೇರೆ. ಬಾಗಿಲು ಮುಚ್ಚಿದಾಗ ಹಸಿದವರು ಬೇರೆ. ಮಿತಿಯನ್ನು ಹಾಕಲು ತಡಮಾಡಿದ್ದರ ಸಾಲವನ್ನು ಬಡವರೇ ತೀರಿಸಬೇಕಾಗುವದೆಂಬದು ಇದರಿಂದ ನಮಗೆ ತೋರುವ ಮುಖ್ಯ ಪಾಠ.

ಇನ್ನು ಪೆಸಿಫಿಕ್ ಮಹಾಸಾಗರದ ಪಲಾವು ದೇಶವನ್ನು ನೋಡೋಣ. ಅಲ್ಲಿಯ ಜನಸಂಖ್ಯೆ ಸುಮಾರು ೧೮,೦೦೦. ೨೦೧೫ರಲ್ಲಿಯಾದರೋ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಪ್ರವಾಸಿಗಳು ಬಂದರು. ಮೀನುಗಳು ಮರಿಯಿಡುವ ಕಾಲದಲ್ಲಿ ಹವಳದ ದಿಬ್ಬಗಳ ಬಳಿ ಮೀನು ಹಿಡಿಯಬಾರದೆಂದು ಅಲ್ಲಿಯ ಹಿರಿಯರು ಆಜ್ಞೆ ಮಾಡುವ ಪದ್ಧತಿಯು ಪುರಾತನ ಕಾಲದ್ದು; ಅದನ್ನು ಬುಲ್ ಎನ್ನುವರು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಮೀನುಗಾರಿಕೆಯನ್ನು ನಿಲ್ಲಿಸುವದೂ ಇದೇ ಬುದ್ಧಿಯಿಂದ. ಈ ಹಳೆಯ ಸಂಯಮವನ್ನೇ ಪಲಾವಿನವರು ಅತಿಥಿಗಳಿಗೂ ಕಲಿಸಿದರು. ೨೦೧೭ನೆಯ ಡಿಸೆಂಬರಿನಿಂದ ಆ ದೇಶಕ್ಕೆ ಬರುವವರ ಪಾಸ್‌ಪೋರ್ಟಿನಲ್ಲಿ ಒಂದು ಪ್ರತಿಜ್ಞೆಯನ್ನು ಒತ್ತುವರು. ಪ್ರವಾಸಿಯು ಅದಕ್ಕೆ ರುಜು ಹಾಕಬೇಕು. ಅದನ್ನು ರಚಿಸುವದರಲ್ಲಿ ಆ ದೇಶದ ಮಕ್ಕಳು ಸಹಾಯಮಾಡಿದರು, ಮತ್ತು ಅದು ಆ ಮಕ್ಕಳನ್ನೇ ಸಂಬೋಧಿಸುವದು. ಹವಳಕ್ಕೆ ಕೇಡುಮಾಡುವ ಬಿಸಿಲಿನ ಲೇಪಗಳನ್ನು ೨೦೨೦ನೆಯ ಜನವರಿ ೧ರಿಂದ ನಿಷೇಧಿಸಿದರು.

ಅತಿಥಿಗಳನ್ನು ಅಟ್ಟಿಬಿಡಬೇಕೆಂದು ನಾವು ಹೇಳುವದಿಲ್ಲ. ೨೦೨೦ರ ಮಹಾರೋಗದ ಕಾಲದಲ್ಲಿ ಪ್ರವಾಸಿಗಳು ಬಾರದೆ ಹೋದಾಗ ಇಂಥ ದ್ವೀಪಗಳ ಮನೆಗಳಲ್ಲಿ ಎಷ್ಟು ಕಷ್ಟವಾಯಿತೆಂಬದನ್ನು ಎಲ್ಲರೂ ಬಲ್ಲರು. ಬಾಗಿಲನ್ನು ಪೂರ್ಣವಾಗಿ ತೆರೆಯುವದೂ ಪೂರ್ಣವಾಗಿ ಮುಚ್ಚುವದೂ ಸುಲಭ. ಎಣಿಸಿ ಒಳಗೆ ಬಿಡುವದೇ ಕಷ್ಟ, ಅದೇ ವಿವೇಕ.

ನಮ್ಮದೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳತಕ್ಕದ್ದು. ಕೆಲವು ವರ್ಷಗಳ ಹಿಂದೆ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳಿಗೆ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆವು. ಎಂಟು ಕೋಟಿಗಿಂತ ಹೆಚ್ಚು ವರ್ಷಗಳ ಹಿಂದೆ ಲಾವಾರಸವು ಆರಿ ಕಂಬಗಳಾದ ಆ ಬಂಡೆಗಳ ವಿಷಯವಾಗಿ ಪಾಠ ಹೇಳಿದೆವು. ಹಿಂತಿರುಗುವಾಗ ಪ್ರತಿಯೊಬ್ಬಳ ಕೈವಸ್ತ್ರದಲ್ಲಿಯೂ ಚಿಪ್ಪುಗಳು ತುಂಬಿದ್ದವು, ನಾವು ಬೇಡವೆನ್ನಲಿಲ್ಲ. ಒಂದು ಶಾಲೆಯ ಮಕ್ಕಳು ಒಯ್ದರೆ ಏನಾಯಿತೆಂದು ಯೋಚಿಸಿದೆವು. ಬೊರಾಕಾಯಿಯಲ್ಲಿ ಪ್ರತಿಯೊಬ್ಬನೂ ಹಾಗೆಯೇ ಯೋಚಿಸಿರಬೇಕು.

ಆದಕಾರಣ ರಜೆಯಲ್ಲಿ ಮಕ್ಕಳೊಂದಿಗೆ ಸಮುದ್ರತೀರಕ್ಕೂ ದ್ವೀಪಗಳಿಗೂ ಹೋಗುವ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಂದೆತಾಯಿಗಳಲ್ಲಿಯೂ ನಮ್ಮ ವಿನಂತಿಯೇನೆಂದರೆ: ಆ ಊರಿನವರ ದೋಣಿಗೂ ಊಟಕ್ಕೂ ತಕ್ಕ ಹಣ ಕೊಡಿರಿ, ನಿಮ್ಮ ಕಸವನ್ನು ನೀವೇ ತಿರುಗಿ ತನ್ನಿರಿ, ಚಿಪ್ಪುಗಳನ್ನು ಅಲ್ಲಿಯೇ ಬಿಡಿರಿ. ನಿಮ್ಮ ಹಿಂದೆ ಬರುವ ಮಗುವಿಗೂ ನೋಡಲು ಏನಾದರೂ ಇರಬೇಕಲ್ಲವೇ?