ಕೈಗಾರಿಕಾ ನೈರ್ಮಲ್ಯ ತಜ್ಞರ ಪ್ರಮಾಣೀಕರಣ ಪರೀಕ್ಷೆ: ಅಭ್ಯರ್ಥಿಗಳಿಗೆ ಮಾಹಿತಿ

ಕಾರ್ಖಾನೆಯ ಗಾಳಿಯಲ್ಲಿ ಬೆರೆತ ಧೂಳು, ಅನಿಲ ಮತ್ತು ಆವಿ, ಯಂತ್ರಗಳ ಶಬ್ದ, ಕುಲುಮೆಯ ಶಾಖ, ವಿಕಿರಣ ಮುಂತಾದವುಗಳಿಂದ ಕಾರ್ಮಿಕರ ಆರೋಗ್ಯಕ್ಕೆ ಒದಗಬಹುದಾದ ಹಾನಿಯನ್ನು ಮುಂದಾಗಿಯೇ ಊಹಿಸುವುದು, ಗುರುತಿಸುವುದು, ಅಳೆಯುವುದು ಮತ್ತು ನಿಯಂತ್ರಿಸುವುದು ಕೈಗಾರಿಕಾ ನೈರ್ಮಲ್ಯ ಶಾಸ್ತ್ರದ ಕಾರ್ಯಕ್ಷೇತ್ರವಾಗಿರುತ್ತದೆ. ಹೆಸರಿನಲ್ಲಿ ನೈರ್ಮಲ್ಯವೆಂಬ ಪದವಿರುವುದರಿಂದ ಇದು ಶೌಚಾಲಯ ಹಾಗೂ ಕ್ಯಾಂಟೀನುಗಳ ಸ್ವಚ್ಛತೆಗೆ ಸಂಬಂಧಿಸಿದ್ದೆಂಬ ತಪ್ಪು ತಿಳಿವಳಿಕೆ ಇಂದಿಗೂ ಉಳಿದಿದೆ.

ಈ ಶಾಸ್ತ್ರದ ಅಗತ್ಯಕ್ಕೆ ಕರ್ನಾಟಕದಲ್ಲಿ ದೂರ ಹುಡುಕಬೇಕಾಗಿಲ್ಲ. ಕೋಲಾರ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಸಿಲಿಕೋಸಿಸ್ ರೋಗವು ವ್ಯಾಪಕವಾಗಿ ಹರಡಿರುವುದು 1940ರ ದಶಕದಲ್ಲಿ ನಡೆದ ವೈದ್ಯಕೀಯ ಸಮೀಕ್ಷೆಯಿಂದ ತಿಳಿದುಬಂದಿತು. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಕಲ್ಲು ಒಡೆಯುವ ಘಟಕಗಳಲ್ಲಿ, ಗ್ರಾನೈಟ್ ಹೊಳಪು ನೀಡುವ ಶೆಡ್ಡುಗಳಲ್ಲಿ, ಎರಕದ ಕಾರ್ಖಾನೆಗಳಲ್ಲಿ ಅದೇ ಸ್ಫಟಿಕ ಧೂಳು ಏಳುತ್ತದೆ. ಒಮ್ಮೆ ತಗುಲಿದ ಸಿಲಿಕೋಸಿಸ್ ಗುಣವಾಗುವುದಿಲ್ಲ. ಆದುದರಿಂದ ಧೂಳನ್ನು ಸರಿಯಾಗಿ ಅಳೆಯಬಲ್ಲ ವ್ಯಕ್ತಿಯ ಅರ್ಹತೆ ಕೇವಲ ಬಡ್ತಿಯ ವಿಷಯವಲ್ಲ.

ಪ್ರಮಾಣಪತ್ರ ನೀಡುವ ಸಂಸ್ಥೆ

ಈ ವೃತ್ತಿಯಲ್ಲಿ ಹೆಚ್ಚು ಮನ್ನಣೆ ಪಡೆದಿರುವ ಪ್ರಮಾಣಪತ್ರಗಳಲ್ಲಿ ಸಿಐಎಚ್, ಅಂದರೆ ಸರ್ಟಿಫೈಡ್ ಇಂಡಸ್ಟ್ರಿಯಲ್ ಹೈಜೀನಿಸ್ಟ್ ಎಂಬುದು ಪ್ರಮುಖವಾದುದು. ಇದನ್ನು ನೀಡುವ ಮಂಡಳಿಯು 1960ರಲ್ಲಿ ಅಮೆರಿಕದಲ್ಲಿ ಅಮೆರಿಕನ್ ಬೋರ್ಡ್ ಆಫ್ ಇಂಡಸ್ಟ್ರಿಯಲ್ ಹೈಜೀನ್ ಎಂಬ ಹೆಸರಿನಲ್ಲಿ ಸ್ಥಾಪನೆಯಾಗಿ, ಈಗ ಬೋರ್ಡ್ ಫಾರ್ ಗ್ಲೋಬಲ್ ಇಎಚ್‌ಎಸ್ ಕ್ರೆಡೆನ್ಷಿಯಲಿಂಗ್ ಎಂದು ಕರೆಯಲ್ಪಡುತ್ತದೆ. ಇದು ಸ್ವಯಂಪ್ರೇರಿತ ವೃತ್ತಿ ಅರ್ಹತೆಯೇ ಹೊರತು ಸರ್ಕಾರಿ ಪರವಾನಗಿಯಲ್ಲ. ಸುರಕ್ಷತಾ ಅಧಿಕಾರಿಯ ಹುದ್ದೆಗೆ ಕಾನೂನು ವಿಧಿಸುವ ಅರ್ಹತೆಗೆ ಇದು ಬದಲಿಯೂ ಆಗುವುದಿಲ್ಲ. ಅರ್ಜಿ ಮತ್ತು ಶುಲ್ಕವನ್ನು ಅಭ್ಯರ್ಥಿಯು ನೇರವಾಗಿ ಸದರಿ ಮಂಡಳಿಗೇ ಸಲ್ಲಿಸತಕ್ಕದ್ದು. ಪ್ರಮಾಣಪತ್ರ ಕೊಡಿಸುವುದಾಗಿ ಭರವಸೆ ನೀಡುವ ಮಧ್ಯವರ್ತಿಗಳಿಗೆ ಹಣ ನೀಡಬಾರದು. ತರಬೇತಿ ಕೇಂದ್ರಗಳು ಪಾಠ ಹೇಳಬಹುದು, ಅರ್ಹತೆಯನ್ನು ಮಂಜೂರು ಮಾಡಲಾರವು.

ಅರ್ಹತೆ ಮತ್ತು ಅನುಭವ

ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ, ಕೈಗಾರಿಕಾ ನೈರ್ಮಲ್ಯದ ಮೂಲತತ್ತ್ವಗಳು, ವಿಷಶಾಸ್ತ್ರ, ಮಾಪನ ಮತ್ತು ನಿಯಂತ್ರಣ ಎಂಬ ವಿಷಯಗಳಲ್ಲಿ ನಿಗದಿತ ಗಂಟೆಗಳ ವ್ಯಾಸಂಗ, ವೃತ್ತಿ ನೀತಿಯ ತರಬೇತಿ, ನಾಲ್ಕು ವರ್ಷಗಳ ವೃತ್ತಿಪರ ಅನುಭವ ಹಾಗೂ ಆ ಅನುಭವವನ್ನು ಬಲ್ಲವರ ದೃಢೀಕರಣ ಅಗತ್ಯವಾಗಿರುತ್ತವೆ. ವಿವರಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಅರ್ಜಿ ಸಲ್ಲಿಸುವ ವರ್ಷದ ಅಭ್ಯರ್ಥಿ ಕೈಪಿಡಿಯನ್ನೇ ಆಧಾರವಾಗಿಟ್ಟುಕೊಳ್ಳತಕ್ಕದ್ದು.

ಅನುಭವದ ವಿವರಣೆಯಲ್ಲಿ ವಿಶೇಷ ಎಚ್ಚರಿಕೆ ಬೇಕು. ಅಗ್ನಿಶಮನ ಅಣಕು ಪ್ರದರ್ಶನ, ಅಪಘಾತ ವಹಿಯ ನಿರ್ವಹಣೆ, ಹೆಲ್ಮೆಟ್ ಹಾಗೂ ಬೂಟುಗಳ ವಿತರಣೆ ಇವೆಲ್ಲವೂ ಸುರಕ್ಷತಾ ಅಧಿಕಾರಿಯ ಅಗತ್ಯ ಕರ್ತವ್ಯಗಳೇ ಆದರೂ ಕೈಗಾರಿಕಾ ನೈರ್ಮಲ್ಯದ ಅನುಭವವೆನಿಸುವುದಿಲ್ಲ. ಗಾಳಿಯ ಮಾದರಿ ಸಂಗ್ರಹ, ಶಬ್ದಮಾಪನ, ವಾತಾಯನ ವ್ಯವಸ್ಥೆಯ ಪರಿಶೀಲನೆ, ಅವುಗಳ ಫಲಿತಾಂಶದ ಮೇಲೆ ಕೈಗೊಂಡ ಕ್ರಮ ಇವುಗಳನ್ನು ದಿನಾಂಕ ಸಹಿತ ದಾಖಲಿಸಿಟ್ಟುಕೊಳ್ಳುವುದು ಸೂಕ್ತ. ಉದ್ಯೋಗ ಬದಲಿಸಿದ ನಂತರ ಹಳೆಯ ವರದಿಗಳನ್ನು ಹುಡುಕಿ ತರುವುದು ಕಷ್ಟಸಾಧ್ಯ.

ಪರೀಕ್ಷೆಯ ಸ್ವರೂಪ

ಪರೀಕ್ಷೆಯು ಗಣಕಯಂತ್ರದಲ್ಲಿ ನಡೆಯುತ್ತದೆ. ಬಹು ಆಯ್ಕೆಯ 180 ಪ್ರಶ್ನೆಗಳಿಗೆ ಐದು ಗಂಟೆಗಳ ಅವಧಿ, ಎಂದರೆ ಪ್ರಶ್ನೆಯೊಂದಕ್ಕೆ ಸರಾಸರಿ ಒಂದು ನಿಮಿಷ ನಲವತ್ತು ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದ ಕಾರಣ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸೂತ್ರಗಳ ಪಟ್ಟಿಯನ್ನು ಪರೀಕ್ಷೆಯಲ್ಲಿಯೇ ಒದಗಿಸಲಾಗುತ್ತದೆ. ಆದ್ದರಿಂದ ಸೂತ್ರಗಳನ್ನು ಕಂಠಪಾಠ ಮಾಡುವುದರಲ್ಲಿ ತಿಂಗಳುಗಟ್ಟಲೆ ಕಳೆಯುವುದು ವ್ಯರ್ಥ. ಯಾವ ಸಂದರ್ಭಕ್ಕೆ ಯಾವ ಸೂತ್ರವೆಂಬುದನ್ನು ತಿಳಿಯುವುದೇ ನಿಜವಾದ ಸಿದ್ಧತೆ.

ಸಿದ್ಧತೆಯಲ್ಲಿ ಗಮನಿಸಬೇಕಾದ ಅಂಶಗಳು

ಭಾರತದ ಅಭ್ಯರ್ಥಿಗಳು ಎದುರಿಸುವ ದೊಡ್ಡ ತೊಡಕೆಂದರೆ ಮಿತಿಮೌಲ್ಯಗಳದ್ದು. 1984ರ ಭೋಪಾಲ ದುರಂತದ ನಂತರ 1987ರ ತಿದ್ದುಪಡಿಯ ಮೂಲಕ 1948ರ ಕಾರ್ಖಾನೆಗಳ ಕಾಯ್ದೆಗೆ ರಾಸಾಯನಿಕಗಳ ಅನುಮತಿತ ಮಿತಿಗಳ ಎರಡನೇ ಅನುಸೂಚಿ ಸೇರಿತು. ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದು ಸದರಿ ಕಾಯ್ದೆಯ ಸ್ಥಾನವನ್ನು ಪಡೆದಿದೆ. ಕಾರ್ಖಾನೆಯ ಕೆಲಸಕ್ಕೆ ಅನ್ವಯವಾಗುವ ಮಿತಿಗಳನ್ನು ಸಂಹಿತೆಯ ಅಡಿಯ ನಿಯಮಗಳಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಪರೀಕ್ಷೆಯ ಅಧ್ಯಯನದಲ್ಲಾದರೋ ಎಸಿಜಿಐಎಚ್ ಸಂಸ್ಥೆಯ ಮಿತಿಮೌಲ್ಯಗಳು ಹಾಗೂ ಅಮೆರಿಕದ ಓಷಾ ಮಾನದಂಡಗಳು ಪ್ರಧಾನವಾಗಿರುತ್ತವೆ.

ಇವುಗಳ ನಡುವಿನ ಅಂತರ ಎಷ್ಟೆಂಬುದಕ್ಕೆ ಎರಕದ ಕಾರ್ಖಾನೆಯೊಂದರ ಕಲ್ಪಿತ ಲೆಕ್ಕವನ್ನು ಗಮನಿಸಬಹುದು. ಕಾರ್ಮಿಕನ ಉಸಿರಾಟದ ವಲಯದಲ್ಲಿ ನೈಲಾನ್ ಸೈಕ್ಲೋನ್ ಅಳವಡಿಸಿ ನಿಮಿಷಕ್ಕೆ 1.7 ಲೀಟರಿನಂತೆ ಎಂಟು ಗಂಟೆ ಗಾಳಿ ಎಳೆದರೆ ಒಟ್ಟು 816 ಲೀಟರ್, ಅಂದರೆ 0.816 ಘನ ಮೀಟರ್ ಆಗುತ್ತದೆ. ಫಿಲ್ಟರಿನ ತೂಕ 0.408 ಮಿಲಿಗ್ರಾಂ ಹೆಚ್ಚಿದ್ದರೆ ಉಸಿರಾಟಕ್ಕೆ ಸೇರುವ ಧೂಳಿನ ಸಾಂದ್ರತೆ ಘನ ಮೀಟರಿಗೆ 0.5 ಮಿಲಿಗ್ರಾಂ. ಧೂಳಿನಲ್ಲಿ ಸ್ಫಟಿಕದ ಪಾಲು ಶೇಕಡ 18 ಎಂದಿಟ್ಟುಕೊಂಡರೆ, ಎರಡನೇ ಅನುಸೂಚಿಯ ಸೂತ್ರದಂತೆ (ಹತ್ತನ್ನು, ಸ್ಫಟಿಕದ ಶೇಕಡಾವಾರಿಗೆ ಎರಡು ಕೂಡಿಸಿ ಬಂದ ಮೊತ್ತದಿಂದ ಭಾಗಿಸುವುದು) ಮಿತಿಯೂ ಸರಿಯಾಗಿ 0.5. ಹಳೆಯ ಲೆಕ್ಕದಲ್ಲಿ ಕಾರ್ಖಾನೆ ಮಿತಿಯೊಳಗಿದೆ. ಆದರೆ ಸ್ಫಟಿಕವನ್ನಷ್ಟೇ ಲೆಕ್ಕಿಸಿದರೆ ಅದು 0.09 ಮಿಲಿಗ್ರಾಂ, ಓಷಾ 2016ರಲ್ಲಿ ನಿಗದಿಪಡಿಸಿದ ಮಿತಿ 0.05, ಎಸಿಜಿಐಎಚ್ ಮೌಲ್ಯ 0.025. ಒಂದೇ ಫಿಲ್ಟರು, ಒಂದೇ ಶ್ವಾಸಕೋಶ. ಕಾನೂನಿನ ಮಿತಿ ಮತ್ತು ಆರೋಗ್ಯದ ಮಿತಿ ಒಂದೇ ಅಲ್ಲವೆಂಬುದನ್ನು ಅಭ್ಯರ್ಥಿಯು ಇಲ್ಲಿ ಗ್ರಹಿಸಬೇಕು.

ಶಬ್ದದ ಲೆಕ್ಕದಲ್ಲಿಯೂ ಇದೇ ಪರಿಸ್ಥಿತಿ. ಎಂಟು ಗಂಟೆಗೆ 90 ಡೆಸಿಬೆಲ್, ಪ್ರತಿ 5 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧ ಎಂಬುದು ಓಷಾ ಕ್ರಮ. ಎಸಿಜಿಐಎಚ್ ಕ್ರಮದಲ್ಲಿ ಆರಂಭ 85, ಏರಿಕೆಯ ಅಂತರ 3. ಕಾರ್ಮಿಕನೊಬ್ಬ 95 ಡೆಸಿಬೆಲ್‌ನಲ್ಲಿ ನಾಲ್ಕು ಗಂಟೆ, 90ರಲ್ಲಿ ನಾಲ್ಕು ಗಂಟೆ ದುಡಿದರೆ ಮೊದಲ ಕ್ರಮದಂತೆ ಶಬ್ದದ ಪ್ರಮಾಣ ಶೇಕಡ 150, ಎರಡನೆಯದರಂತೆ ಸುಮಾರು ಶೇಕಡ 663. ಪ್ರಶ್ನೆಯು ಯಾವ ಕ್ರಮವನ್ನು ಕೇಳುತ್ತಿದೆ ಎಂಬುದನ್ನು ಓದದೆ ಲೆಕ್ಕ ಆರಂಭಿಸುವವರಿಗೆ ಉತ್ತರದ ಆಯ್ಕೆಗಳಲ್ಲಿ ತಪ್ಪು ಉತ್ತರವೂ ಸಿದ್ಧವಾಗಿ ಕಾದಿರಬಹುದು.

ಪಿಪಿಎಂನಿಂದ ಮಿಲಿಗ್ರಾಂಗೆ ಪರಿವರ್ತಿಸುವಾಗ ಬಳಸುವ 24.45 ಎಂಬ ಸಂಖ್ಯೆಯು 25 ಡಿಗ್ರಿ ಸೆಲ್ಸಿಯಸ್ ಹಾಗೂ 760 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಮಾತ್ರ ಸರಿಯಾದುದು. ಅದರಂತೆ 100 ಪಿಪಿಎಂ ಟಾಲ್ಯೂಯಿನ್ ಘನ ಮೀಟರಿಗೆ ಸುಮಾರು 377 ಮಿಲಿಗ್ರಾಂ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಒತ್ತಡ ಸುಮಾರು 685 ಮಿಲಿಮೀಟರ್, ಆಗ 24.45ರ ಬದಲು 27.1 ಬಳಸಬೇಕು, ಉತ್ತರ ಸುಮಾರು 340. ಮಂಗಳೂರಿನ ಅಂಕಿಯನ್ನು ಪೀಣ್ಯಕ್ಕೆ ಹಾಗೆಯೇ ಅನ್ವಯಿಸಿದರೆ ಹತ್ತಿರ ಹತ್ತಿರ ಶೇಕಡ ಹತ್ತರಷ್ಟು ವ್ಯತ್ಯಾಸ ಬರುತ್ತದೆ. ಒತ್ತಡ ಮತ್ತು ಉಷ್ಣಾಂಶದ ತಿದ್ದುಪಡಿ ಪರೀಕ್ಷೆಯ ದೃಷ್ಟಿಯಿಂದಲೂ ಮುಖ್ಯವಾದ ವಿಷಯ.

ಮಾದರಿ ಸಂಗ್ರಹದ ಅಧ್ಯಾಯವನ್ನು ಪುಸ್ತಕದಿಂದಷ್ಟೇ ಕಲಿಯುವುದು ಕಷ್ಟ. ಸಾವಯವ ದ್ರಾವಕಗಳ ಆವಿಗೆ ಇದ್ದಿಲಿನ ಕೊಳವೆ, ಲೋಹದ ಹೊಗೆಗೆ ಸೆಲ್ಯುಲೋಸ್ ಎಸ್ಟರ್ ಫಿಲ್ಟರು, ಸಿಲಿಕಾಗೆ ಪಿವಿಸಿ ಫಿಲ್ಟರು ಎಂಬ ಪಟ್ಟಿಯನ್ನು ಯಾರೂ ಬರೆದುಕೊಳ್ಳಬಹುದು. ಇದ್ದಿಲಿನ ಕೊಳವೆಯ ಹಿಂಭಾಗದಲ್ಲಿ ಮುಂಭಾಗದ ಶೇಕಡ ಹತ್ತಕ್ಕಿಂತ ಹೆಚ್ಚು ರಾಸಾಯನಿಕ ಕಂಡುಬಂದರೆ ಆವಿ ಕೊಳವೆಯಿಂದ ಹೊರಗೆ ಹಾದುಹೋಗಿರಬಹುದೆಂದೂ, ವರದಿಯ ಅಂಕಿ ವಾಸ್ತವಕ್ಕಿಂತ ಕಡಿಮೆಯಿರಬಹುದೆಂದೂ ಅನುಮಾನಿಸಲು ಒಮ್ಮೆಯಾದರೂ ಪ್ರಯೋಗಾಲಯದ ವರದಿಯನ್ನು ಕೈಯಲ್ಲಿ ಹಿಡಿದು ನೋಡಿರಬೇಕು. ಪಂಪಿನ ಹರಿವನ್ನು ಮಾದರಿ ಸಂಗ್ರಹದ ಮೊದಲೂ ನಂತರವೂ ಪರಿಶೀಲಿಸುವ ಅಭ್ಯಾಸವೂ ಹಾಗೆಯೇ ಬರುವಂಥದು. ಮುಂಬೈನ ಕೇಂದ್ರ ಶ್ರಮ ಸಂಸ್ಥೆಯಲ್ಲಿ ಕೈಗಾರಿಕಾ ನೈರ್ಮಲ್ಯದ ಪ್ರಯೋಗಾಲಯವಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಅವುಗಳ ತರಬೇತಿ ಪ್ರಕಟಣೆಗಳನ್ನು ಅಭ್ಯರ್ಥಿಗಳು ಗಮನಿಸುತ್ತಿರುವುದು ಒಳ್ಳೆಯದು.

ನಿಯಂತ್ರಣದ ಭಾಗದಲ್ಲಿ ಮುಖಗವಸಿನಿಂದ ಆರಂಭಿಸುವ ಉತ್ತರ ಸಾಮಾನ್ಯವಾಗಿ ತಪ್ಪು ಉತ್ತರ. ಅಪಾಯಕಾರಿ ವಸ್ತುವನ್ನು ಕೈಬಿಡುವುದು, ಬದಲಿಸುವುದು, ಯಂತ್ರಕ್ಕೆ ಮುಚ್ಚಿಗೆ ಅಥವಾ ಸ್ಥಳೀಯ ಹೀರು ವ್ಯವಸ್ಥೆ ಅಳವಡಿಸುವುದು, ಆಡಳಿತಾತ್ಮಕ ಕ್ರಮಗಳು, ಕೊನೆಯಲ್ಲಿ ವೈಯಕ್ತಿಕ ರಕ್ಷಣಾ ಸಾಧನ ಎಂಬುದು ಒಪ್ಪಿತ ಕ್ರಮ. ಹೀರು ವ್ಯವಸ್ಥೆಯ ವಿಷಯದಲ್ಲಿ ದೂರದ ಪರಿಣಾಮ ಗಮನಾರ್ಹ. ಬಾಯಿಯ ವಿಸ್ತೀರ್ಣ 0.05 ಚದರ ಮೀಟರ್ ಇರುವ ಸಾದಾ ಹುಡ್‌ನಿಂದ 15 ಸೆಂಟಿಮೀಟರ್ ದೂರದಲ್ಲಿ ಸೆಕೆಂಡಿಗೆ 0.5 ಮೀಟರ್ ವೇಗ ಪಡೆಯಲು ಸೆಕೆಂಡಿಗೆ ಸುಮಾರು 0.14 ಘನ ಮೀಟರ್ ಗಾಳಿ ಸಾಕು; ದೂರ 30 ಸೆಂಟಿಮೀಟರ್ ಆದರೆ ಸುಮಾರು 0.48 ಬೇಕು. ಹುಡ್ ಅನ್ನು ಒಂದು ಗೇಣು ಹತ್ತಿರಕ್ಕೆ ಸರಿಸುವುದರಿಂದ ಆಗುವ ಕೆಲಸಕ್ಕೆ ಅನೇಕ ಕಡೆ ದೊಡ್ಡ ಮೋಟಾರು ಖರೀದಿಸಲಾಗುತ್ತದೆ.

ವಿಕಿರಣ, ಉಷ್ಣ ಒತ್ತಡ, ದೇಹಭಂಗಿ ಶಾಸ್ತ್ರ, ಜೈವಿಕ ಅಪಾಯ, ಸಂಖ್ಯಾಶಾಸ್ತ್ರ ಇವು ತಮ್ಮ ಕಾರ್ಖಾನೆಯಲ್ಲಿ ಇಲ್ಲವೆಂಬ ಕಾರಣಕ್ಕೆ ಅಭ್ಯರ್ಥಿಗಳು ಕೈಬಿಡಬಹುದಾದ ವಿಷಯಗಳು. ಸಿದ್ಧತೆಯ ಆರಂಭದಲ್ಲಿಯೇ ಇವುಗಳಿಗೆ ಸಮಯ ಮೀಸಲಿಡುವುದು ಮೇಲು. ಎಸಿಜಿಐಎಚ್‌ನ ವಾರ್ಷಿಕ ಮಿತಿಮೌಲ್ಯ ಕಿರುಪುಸ್ತಕ ಹಾಗೂ ಅದರ ಕೈಗಾರಿಕಾ ವಾತಾಯನ ಕೈಪಿಡಿ ಬಳಿಯಲ್ಲಿರಬೇಕಾದವು. ಕನ್ನಡ ಮಾಧ್ಯಮದಲ್ಲಿ ಓದಿದವರು ಭಾಷೆಯ ಬಗ್ಗೆ ಅಳುಕಬೇಕಾಗಿಲ್ಲ. ಪ್ರಶ್ನೆಗಳ ಇಂಗ್ಲಿಷ್ ಸಾಹಿತ್ಯಿಕವಲ್ಲ, ತಾಂತ್ರಿಕ. ಅಭ್ಯಾಸ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದರೆ ಓದುವ ವೇಗ ತಾನಾಗಿ ಬರುತ್ತದೆ.

ಪರೀಕ್ಷೆಯ ದಿನ ಹಾಗೂ ನಂತರ

ಅರ್ಜಿಯಲ್ಲಿರುವ ಹೆಸರು ಮತ್ತು ಗುರುತಿನ ಪತ್ರದಲ್ಲಿರುವ ಹೆಸರು ಒಂದೇ ಆಗಿರಬೇಕು. ಅಂಕಪಟ್ಟಿಯಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿದ್ದು, ಪಾಸ್‌ಪೋರ್ಟಿನಲ್ಲಿ ಅವು ವಿಸ್ತರಿಸಿ ಬರೆಯಲ್ಪಟ್ಟಿರುವುದು ಈ ಭಾಗದ ಅಭ್ಯರ್ಥಿಗಳಲ್ಲಿ ಸಾಮಾನ್ಯ. ಅರ್ಜಿ ಸಲ್ಲಿಸುವ ಮೊದಲೇ ಇದನ್ನು ಸರಿಪಡಿಸಿಕೊಳ್ಳತಕ್ಕದ್ದು. ಕ್ಯಾಲ್ಕುಲೇಟರ್ ಕುರಿತ ಸೂಚನೆಗಳನ್ನು ಕೈಪಿಡಿಯಲ್ಲಿ ನೋಡಿಕೊಂಡು, ಅನುಮತಿಸಿದ ಮಾದರಿಯಲ್ಲಿಯೇ ಮೊದಲಿನಿಂದ ಅಭ್ಯಾಸ ಮಾಡುವುದು ಸೂಕ್ತ.

ಉತ್ತೀರ್ಣರಾದವರು ಪ್ರತಿ ಐದು ವರ್ಷಗಳ ಅವಧಿಯಲ್ಲಿ ಮುಂದುವರಿದ ಶಿಕ್ಷಣ ಹಾಗೂ ವೃತ್ತಿ ಚಟುವಟಿಕೆಗಳ ದಾಖಲೆ ಸಲ್ಲಿಸಿ ಅರ್ಹತೆಯನ್ನು ಉಳಿಸಿಕೊಳ್ಳಬೇಕಾಗುತ್ತದೆ. ಅರ್ಹತೆ ಚಾಲ್ತಿಯಲ್ಲಿ ಇಲ್ಲದಿರುವಾಗ ಹೆಸರಿನ ಮುಂದೆ ಸಿಐಎಚ್ ಎಂದು ಬಳಸುವಂತಿಲ್ಲ. ಕಾರ್ಖಾನೆಗಳು ತಜ್ಞರನ್ನು ನೇಮಿಸಿಕೊಳ್ಳುವಾಗ ಪ್ರಮಾಣಪತ್ರದ ಪ್ರತಿಯನ್ನಷ್ಟೇ ನಂಬದೆ, ಅದು ಚಾಲ್ತಿಯಲ್ಲಿದೆಯೇ ಎಂಬುದನ್ನು ಮಂಡಳಿಯಿಂದ ಪರಿಶೀಲಿಸಿಕೊಳ್ಳತಕ್ಕದ್ದು.