ಎರಡು ಹೊತ್ತಿನ ಹಾಲಿನ ನಡುವೆ ಮಕ್ಕಳೊಡನೆ ಒಂದು ದಿನ

ಹೈನು ಇರುವ ಮನೆಗೆ ರಜೆ ಎಂಬುದಿಲ್ಲ. ಹಬ್ಬವಿರಲಿ, ಮದುವೆಯಿರಲಿ, ಬೆಳಿಗ್ಗೆ ಮತ್ತು ಸಂಜೆ ಹಾಲು ಹಿಂಡಲೇಬೇಕು, ಸಂಘಕ್ಕೆ ಹಾಕಲೇಬೇಕು. ಸಣ್ಣ ಮಕ್ಕಳನ್ನು ಕರೆದುಕೊಂಡು ಒಂದು ದಿನ ಎಲ್ಲಿಗಾದರೂ ಹೋಗಿಬನ್ನಿ ಎಂದರೆ, "ದನ ಬಿಟ್ಟು ಎಲ್ಲಿಗಿ ಹೋಗೋದ್ರಿ?" ಎಂಬ ಉತ್ತರ ಬರುವುದು ಸಹಜ. ಆದರೆ ಮಕ್ಕಳು ಸಣ್ಣವರಾಗಿರುವುದು ಕೆಲವೇ ವರ್ಷ. ಹಿಂಡುವ ಹೊತ್ತು ತಪ್ಪದಂತೆ, ಹಾಲು ಕಡಿಮೆಯಾಗದಂತೆ, ಮಕ್ಕಳ ಆರೋಗ್ಯ ಕೆಡದಂತೆ ಒಂದು ದಿನದ ಪ್ರವಾಸ ಹೇಗೆ ಮಾಡಬಹುದು ಎಂಬುದನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಸದಸ್ಯರಿಗಾಗಿ ಇಲ್ಲಿ ವಿವರಿಸಲಾಗಿದೆ.

ಹಿರಿಯರು ಹಾಕಿಕೊಟ್ಟ ದಾರಿ

ಮನೆಮಂದಿಯೆಲ್ಲ ಕೂಡಿ ಹೊರಗೆ ಹೋಗುವುದು ನಮ್ಮ ಭಾಗಕ್ಕೆ ಹೊಸದಲ್ಲ. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂಧುಬಳಗದೊಡನೆ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಉಂಡು ಬರುವ ಪದ್ಧತಿ ಇಂದಿಗೂ ಇದೆ. ಅಂದು ಬೆಳಿಗ್ಗೆಯ ಹಾಲು ಮುಗಿಸಿ ಹೊರಡುತ್ತೇವೆ, ಸಂಜೆಯ ಹಾಲಿಗೆ ಮನೆಗೆ ಬರುತ್ತೇವೆ. ಎಂದರೆ, ಎರಡು ಹೊತ್ತಿನ ಹಾಲಿನ ನಡುವೆ ಒಂದು ದಿನ ಸಿಗುತ್ತದೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ವರ್ಷಕ್ಕೆ ಒಮ್ಮೆ ಮಾಡುವುದನ್ನು ಮೂರು ನಾಲ್ಕು ಸಲ ಮಾಡಲು ಅಡ್ಡಿಯಿಲ್ಲ.

ಹೊತ್ತಿನ ಲೆಕ್ಕ

ಬೆಳಿಗ್ಗೆ 8 ಗಂಟೆಗೆ ಹೊರಟು ಸಂಜೆ 4 ಗಂಟೆಗೆ ಮನೆ ಸೇರಿದರೆ ಕೈಯಲ್ಲಿ 8 ತಾಸು ಇರುತ್ತದೆ. ಹೋಗಿಬರಲು 3 ತಾಸು ಹಿಡಿದರೂ 5 ತಾಸು ಉಳಿಯುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಒಂದೇ ಸ್ಥಳ ಸಾಕು. ಮೂರು ಊರು ಸುತ್ತಿಸಿದರೆ ಮಗು ದಣಿಯುತ್ತದೆ, ತಾಯಿಯೂ ದಣಿಯುತ್ತಾಳೆ. ನಿಮ್ಮ ಸಂಘದ ಹಾಲು ಸಂಗ್ರಹಣೆಯ ವೇಳೆಗೆ ಸರಿಯಾಗಿ ಈ ಲೆಕ್ಕವನ್ನು ಹೊಂದಿಸಿಕೊಳ್ಳಿ.

ಹತ್ತಿರದಲ್ಲೇ ನೋಡತಕ್ಕವು

ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕನ್ನಡದ ಮೊದಲ ಉಪಲಬ್ಧ ಗ್ರಂಥ 'ಕವಿರಾಜಮಾರ್ಗ' 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಕಾಗಿಣಾ ನದಿಯ ದಂಡೆಯ ಕೋಟೆ, ಜೈನ ಬಸದಿ, ಜಯತೀರ್ಥರ ವೃಂದಾವನ ಇವು ಒಂದೇ ಊರಿನಲ್ಲಿವೆ. ಶಾಲೆಗೆ ಹೋಗುವ ಮಗುವಿಗೆ "ನೀನು ಓದುವ ಕನ್ನಡಕ್ಕೂ ಈ ಊರಿಗೂ ಸಂಬಂಧವಿದೆ" ಎಂದು ಕೋಟೆಯ ಮುಂದೆ ನಿಂತು ಹೇಳಿದರೆ ಅದು ಮರೆಯುವುದಿಲ್ಲ.

ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಯಲ್ಲಮ್ಮನ ಗುಡಿಯ ಜೊತೆಗೆ ಅರವತ್ತು ಕಂಬದ ಗುಡಿಯೂ ಇದೆ. ಇಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಕೇಂದ್ರ ಇತ್ತು. ಗ್ರಂಥಭಂಡಾರ ನೋಡಿಕೊಳ್ಳಲು ಆರು ಮಂದಿ ಇದ್ದರೆಂದು ಕ್ರಿ.ಶ. 1058ರ ಶಾಸನ ತಿಳಿಸುತ್ತದೆ. ಕಂಬಗಳನ್ನು ಎಣಿಸುವ ಆಟವೇ ಸಣ್ಣ ಮಕ್ಕಳಿಗೆ ಒಂದು ತಾಸು ಸಾಲುತ್ತದೆ.

ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯಿದೆ, ಅಶೋಕನ ಶಾಸನ ದೊರೆತಿದೆ. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಉತ್ಖನನದಲ್ಲಿ 'ರಾಯೋ ಅಸೋಕೋ' ಎಂಬ ಬರಹವುಳ್ಳ, ಅಶೋಕ ಚಕ್ರವರ್ತಿಯ ಶಿಲ್ಪ ಸಿಕ್ಕಿತು.

ವಾಡಿ ಜಂಕ್ಷನ್‌ನಿಂದ ಸಿಕಂದರಾಬಾದ್‌ಗೆ ಹೋಗುವ ರೈಲು ಮಾರ್ಗ 1874ರಷ್ಟು ಹಳೆಯದು. ರೈಲು ಹತ್ತದ ಮಗುವಿಗೆ ವಾಡಿಯಿಂದ ಚಿತ್ತಾಪುರಕ್ಕೋ ಸೇಡಂಗೋ ಹೋಗಿಬರುವುದೇ ದೊಡ್ಡ ಪ್ರವಾಸ.

ಚಿಂಚೋಳಿ ಭಾಗದವರಿಗೆ ಕಾಡು, ಗುಡ್ಡ, ಚಂದ್ರಂಪಳ್ಳಿ ಜಲಾಶಯ ಮತ್ತು ಎತ್ತಿಪೋತ ಜಲಪಾತ ಇವೆ. ಚಿಂಚೋಳಿ ವನ್ಯಜೀವಿ ಧಾಮವು 2011ರಲ್ಲಿ ಘೋಷಣೆಯಾಯಿತು. ಧಾಮದೊಳಗೆ ಹೋಗುವವರು ಅರಣ್ಯ ಇಲಾಖೆಯ ನಿಯಮ ಪಾಲಿಸಬೇಕು. ವಾಡಿ, ಶಹಾಬಾದ್ ಕಡೆಯವರಿಗೆ ಇದು ದೂರ. ಒಂದೇ ದಿನದಲ್ಲಿ ಹೋಗಿಬರುವ ಹಟ ಬೇಡ.

ಜೂನ್ 11, 2023ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ಹೆಣ್ಣುಮಕ್ಕಳಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಜೊತೆಗಿರಲಿ. ರೈಲಿನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ.

ದನಗಳ ವ್ಯವಸ್ಥೆ

ಹೊರಡುವ ಮುಂಚೆ ದನಗಳನ್ನು ನೆರಳಿಗೆ ಕಟ್ಟಿ, ಗೋದಲಿಯಲ್ಲಿ ಕಣಿಕೆ ಹಾಕಿ, ತೊಟ್ಟಿ ತುಂಬ ನೀರು ಬಿಡಿ. ಬೆಳಿಗ್ಗೆ ಕಟ್ಟಿದ ಜಾಗಕ್ಕೆ ಮಧ್ಯಾಹ್ನ ಬಿಸಿಲು ಬರುತ್ತದೆಯೇ ಎಂಬುದನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಸಂಜೆಯ ಹಿಂಡಿಯನ್ನೂ ಬೆಳಿಗ್ಗೆಯೇ ಸೇರಿಸಿ ಹಾಕಬೇಡಿ. ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ. ನೆರೆಮನೆಯವರು ಮಧ್ಯಾಹ್ನ ಒಮ್ಮೆ ಬಂದು ನೀರು ತೋರಿಸಿದರೆ ಸಾಕು.

ಬಸ್ಸು ತಪ್ಪುವುದುಂಟು. ಆದ್ದರಿಂದ ಸಂಜೆ ಹಾಲು ಹಿಂಡುವವರೊಬ್ಬರು ಮೊದಲೇ ಗೊತ್ತಿರಬೇಕು. ಹೊಲದ ಕೆಲಸದಲ್ಲಿ ಮುಯ್ಯಾಳು ಪದ್ಧತಿ ಇರುವಂತೆ ಇದಕ್ಕೂ ಮುಯ್ಯಿ ಮಾಡಿಕೊಳ್ಳಬಹುದು: ಈ ಸಲ ನಿಮ್ಮ ದನ ಅವರು, ಮುಂದಿನ ಸಲ ಅವರ ದನ ನೀವು. ಆದರೆ ಹೊಸ ಕೈಗೆ ಹಸು ಹಾಲು ಇಳಿಸುವುದಿಲ್ಲ. ಕೆಚ್ಚಲು ತೊಳೆದಾಗ, ಕರು ಬಿಟ್ಟಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಉಂಟಾಗಿ ಹಾಲು ಇಳಿಯುತ್ತದೆ. ಹಸು ಬೆದರಿದರೆ ಈ ಕ್ರಿಯೆ ತಡೆಯುತ್ತದೆ. ಆದ ಕಾರಣ ಪ್ರವಾಸಕ್ಕೆ ಮೂರು ದಿನ ಮುಂಚಿನಿಂದ ಅವರನ್ನು ನಿಮ್ಮ ಜೊತೆ ಕೂಡಿಸಿಕೊಂಡು ಹಿಂಡಿಸಿರಿ. ಒಂದು ಹೊತ್ತಿನ ಹಾಲು ಹೋದರೆ ಹೋಗಲಿ ಎಂದು ಹಿಂಡದೆ ಬಿಡಬಾರದು. ಹಾಲು ಕಟ್ಟಿ ನಿಂತರೆ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ.

ಮಗುವಿನ ಪಾಲು ಮೊದಲು

ಶಾಲೆ ಇರುವ ದಿನ ಮಕ್ಕಳಿಗೆ 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲು ದೊರೆಯುತ್ತದೆ. ರಜೆಯ ದಿನ ಅದಿಲ್ಲ. ಕ್ಯಾನಿಗೆ ಸುರಿಯುವ ಮುಂಚೆ ಮನೆಯ ಮಗುವಿನ ಒಂದು ಲೋಟ ಹಾಲನ್ನು ತೆಗೆದಿಡುವುದು ಪ್ರತಿಯೊಬ್ಬ ಉತ್ಪಾದಕರ ನಿಯಮವಾಗಬೇಕು. ಊರಿಗೆಲ್ಲ ಹಾಲು ಕೊಡುವ ಮನೆಯ ಮಗು ಬರೀ ಚಹಾ ಕುಡಿದು ಬೆಳೆಯಬಾರದು.

ಹಾಲನ್ನು ಕಾಯಿಸಿಯೇ ಕೊಡಿ. ಹಿಂಡಿದ ನೊರೆಹಾಲನ್ನು ಹಾಗೆಯೇ ಕುಡಿಸಿದರೆ ಬ್ರುಸೆಲ್ಲಾ, ಕ್ಷಯದಂತಹ ರೋಗಗಳು ದನದಿಂದ ಮಗುವಿಗೆ ಬರಬಹುದು. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲಷ್ಟೇ ಸಾಕು. ಒಂದು ವರ್ಷ ತುಂಬುವವರೆಗೆ ತಾಯಿಯ ಹಾಲಿಗೆ ಬದಲಾಗಿ ಹಸುವಿನ ಹಾಲು ಕುಡಿಸಬಾರದು.

ಬುತ್ತಿ ಮತ್ತು ನೀರು

ಬಾಟಲಿಯಲ್ಲಿ ಹಾಲು ಒಯ್ಯಬೇಡಿ, ಬಿಸಿಲಿಗೆ ಕೆಡುತ್ತದೆ. ಹೊರಡುವ ಮುಂಚೆ ಮನೆಯಲ್ಲೇ ಕುಡಿಸಿ. ದೊಡ್ಡವರಿಗೆ ರೊಟ್ಟಿ, ಶೇಂಗಾ ಹಿಂಡಿ, ಪಲ್ಯ. ಮಕ್ಕಳಿಗೆ ಮೊಸರನ್ನ, ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಮೊಸರನ್ನವನ್ನು ಮಧ್ಯಾಹ್ನದೊಳಗೆ ಉಣಿಸಿ ಮುಗಿಸಿ. ಕುಡಿಯುವ ನೀರು ಮನೆಯದೇ ಇರಲಿ.

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಣ್ಣ ಮಕ್ಕಳೊಡನೆ ಪ್ರವಾಸಕ್ಕೆ ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ತಕ್ಕದ್ದು. ದಾರಿಯಲ್ಲಿ ವಾಂತಿ ಭೇದಿ ಆದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು ನೀರಿಗೆ ಪೂರ್ತಿ ಕಲಸಿ ಸ್ವಲ್ಪ ಸ್ವಲ್ಪ ಕುಡಿಸಿ. ಪೊಟ್ಟಣವಿಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪು ಹಾಕಬೇಕು. ಚಮಚದ ಅಳತೆ ಅಂಚಿಗೆ ಸಮನಾಗಿರಲಿ. ಮಗುವಿನ ಕಣ್ಣು ಗುಳಿಬಿದ್ದರೆ, ಉಚ್ಚೆ ನಿಂತರೆ, ಮಂಕಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ನೀರಿನ ಅಪಾಯ

ಶಹಾಬಾದ್, ಚಿತ್ತಾಪುರ, ಸೇಡಂ ಭಾಗಗಳಲ್ಲಿ ಫರಸಿ ಕಲ್ಲು ತೆಗೆದು ಬಿಟ್ಟ ಖಣಿಗಳಿವೆ. ಮಳೆಗಾಲದಲ್ಲಿ ಇವು ತುಂಬಿ ಕೆರೆಯಂತೆ ಕಾಣುತ್ತವೆ. ಕೆರೆಗೆ ಇಳಿಜಾರು ದಂಡೆ ಇರುತ್ತದೆ. ಖಣಿಯ ಅಂಚು ಗೋಡೆಯಂತೆ ನೆಟ್ಟಗಿರುತ್ತದೆ. ಕಾಲು ಜಾರಿದ ಮಗುವಿಗೆ ಹಿಡಿಯಲು ಏನೂ ಸಿಗುವುದಿಲ್ಲ. ದನ ತೊಳೆಯಲು ಸಹ ಮಕ್ಕಳನ್ನು ಖಣಿಗೆ ಕಳಿಸಬೇಡಿ. ಕಾಗಿಣಾ, ಭೀಮಾ ನದಿಯ ದಂಡೆಯಲ್ಲಿ, ಜಲಾಶಯ ಮತ್ತು ಜಲಪಾತದ ಬಳಿ ಒಂದು ಮಗುವಿಗೆ ಒಬ್ಬ ದೊಡ್ಡವರು ಎಂಬ ಲೆಕ್ಕವಿರಲಿ. "ಎಲ್ಲರೂ ಇದ್ದಾರಲ್ಲ" ಎಂದುಕೊಂಡಾಗಲೇ ಯಾರೂ ನೋಡುತ್ತಿರುವುದಿಲ್ಲ.

ಮನೆಯಲ್ಲೂ ಇದೇ ಎಚ್ಚರ ಬೇಕು. ಉಣ್ಣೆಗೆ ಹಚ್ಚುವ ಔಷಧಿಯನ್ನು ತಂಪು ಪಾನೀಯದ ಬಾಟಲಿಯಲ್ಲಿ ಇಡಬೇಡಿ. ಮೇವು ಕತ್ತರಿಸುವ ಯಂತ್ರದ ಹತ್ತಿರ ಮಗುವನ್ನು ಬಿಡಬೇಡಿ. ನೀರಿನ ತೊಟ್ಟಿಗೆ ಮುಚ್ಚಳ ಹಾಕಿಸಿ.

ತಾಯಿಗೂ ಒಂದು ದಿನ

ಹಿಂಡುವುದು, ಸಗಣಿ ಬಳಿಯುವುದು, ಮೇವು ತರುವುದು, ಮಕ್ಕಳನ್ನು ನೋಡುವುದು ಇವೆಲ್ಲ ಹೆಚ್ಚಾಗಿ ಮನೆಯ ಹೆಣ್ಣುಮಗಳ ಮೇಲೆಯೇ ಬೀಳುತ್ತವೆ. ಪ್ರವಾಸದ ದಿನ ನಸುಕಿನಲ್ಲಿ ಎದ್ದು ಬುತ್ತಿ ಕಟ್ಟುವುದೂ ಅವಳ ಪಾಲಿಗೇ ಬಂದರೆ ಅದು ಅವಳಿಗೆ ಇಮ್ಮಡಿ ದುಡಿಮೆ. ಅಂದು ಬೆಳಗಿನ ಕೊಟ್ಟಿಗೆಯ ಕೆಲಸವನ್ನು ಗಂಡಸರು ವಹಿಸಿಕೊಳ್ಳಲಿ. ಬಸ್ಸಿನಲ್ಲಿ ಮಗುವನ್ನು ಎತ್ತಿಕೊಳ್ಳುವ ಸರದಿಯೂ ಇಬ್ಬರದಿರಲಿ.

ಸದಸ್ಯ ಬಂಧುಗಳು ಬರುವ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂಡಿ ಕುಳಿತಾಗ, ಮುಂದಿನ ಪ್ರವಾಸ ಎಲ್ಲಿಗೆ, ಯಾರ ದನ ಯಾರು ನೋಡಬೇಕು ಎಂಬುದನ್ನು ನೆರೆಯವರೊಡನೆ ಅಲ್ಲಿಯೇ ಮಾತಾಡಿ ಗೊತ್ತುಮಾಡಿಕೊಳ್ಳಲಿ.