ಊರು ಬಿಟ್ಟ ಧಾನ್ಯದೇವತೆ

ಗ್ರೀಸ್ ದೇಶದ ಅಥೆನ್ಸ್ ನಗರಕ್ಕೆ ಪಶ್ಚಿಮದಲ್ಲಿ, ಸುಮಾರು 20 ಕಿಲೋಮೀಟರ್ ದೂರದ ಕಡಲ ತೀರದಲ್ಲಿ ಎಲ್ಯೂಸಿಸ್ ಎಂಬ ಊರಿದೆ. ಪುರಾತನ ಗ್ರೀಕರ ಧಾನ್ಯದೇವತೆಯಾದ ಡಿಮೀಟರಳಿಗೆ ಅದು ಪರಮ ಪವಿತ್ರ ಕ್ಷೇತ್ರವಾಗಿತ್ತು.

ಆಕೆಯ ಮುದ್ದಿನ ಮಗಳು ಪರ್ಸೆಫೊನೆ ಹೂ ಕೊಯ್ಯುತ್ತಿದ್ದಾಗ ನೆಲ ಬಿರಿದು, ಪಾತಾಳದೊಡೆಯ ಹೇಡೀಸ್ ಅವಳನ್ನು ರಥದಲ್ಲಿ ಹೊತ್ತೊಯ್ದನಂತೆ. ಹುಡುಗಿಯ ತಂದೆ, ದೇವತೆಗಳ ಅರಸ ಸ್ಯೂಸ್, ಇದಕ್ಕೆ ಮೊದಲೇ ಸಮ್ಮತಿಸಿದ್ದನು. ಹೆತ್ತ ತಾಯಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ! ಒಂಬತ್ತು ದಿನ ಪಂಜು ಹಿಡಿದು ನಿರಾಹಾರಳಾಗಿ ಅಲೆದ ಡಿಮೀಟರ್, ಮುದುಕಿಯ ವೇಷದಲ್ಲಿ ಎಲ್ಯೂಸಿಸ್ಸಿನ ಬಾವಿಯ ಬಳಿ ಬಂದು ಕುಳಿತಳು. ಅಲ್ಲಿಯೇ ಗುಡಿ ಕಟ್ಟಿಸಿಕೊಂಡು, ಭೂಮಿಯಲ್ಲಿ ಒಂದು ಕಾಳೂ ಮೊಳೆಯದಂತೆ ಮಾಡಿದಳು. ಮನುಷ್ಯರೇ ಹಸಿದು ಸತ್ತರೆ ದೇವತೆಗಳಿಗೆ ಹವಿಸ್ಸೆಲ್ಲಿಯದು? ಸ್ಯೂಸ್ ಮಣಿಯಲೇಬೇಕಾಯಿತು. ಆದರೆ ಪಾತಾಳದಲ್ಲಿ ದಾಳಿಂಬೆಯ ಕಾಳು ತಿಂದಿದ್ದ ತಪ್ಪಿಗೆ ಮಗಳು ವರ್ಷದ ಮೂರನೆಯ ಒಂದು ಪಾಲನ್ನು ಅಲ್ಲಿಯೇ ಕಳೆಯಬೇಕೆಂದು ತೀರ್ಮಾನವಾಯಿತು.

ಕ್ರಿ. ಶ. ನಾಲ್ಕನೆಯ ಶತಮಾನದ ಕೊನೆಯಲ್ಲಿ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ಪೂಜೆಗಳನ್ನು ನಿಷೇಧಿಸಿದನು. ದೇಗುಲ ಪಾಳುಬಿದ್ದಿತು, ಊರವರು ಕ್ರೈಸ್ತರಾದರು. ಆದರೂ ಪಾಳಿನ ನಡುವೆ ಉಳಿದ ಒಂದು ಭಾರಿ ಅಮೃತಶಿಲೆಯ ಸ್ತ್ರೀಮೂರ್ತಿಯನ್ನು ರೈತರು ಕೈಬಿಡಲಿಲ್ಲ. ಹೊಲಕ್ಕೆ ಹಾಕುವ ಗೊಬ್ಬರವನ್ನು ಅವಳ ಕೊರಳ ಮಟ್ಟದವರೆಗೆ ರಾಶಿ ಹಾಕುತ್ತಿದ್ದರು. ನಮ್ಮ ಕಣ್ಣಿಗೆ ಇದು ಅಪಚಾರವಾಗಿ ತೋರಬಹುದು. ಅವರಿಗೆ ಅದೇ ಭಕ್ತಿ. ಅವಳು ಹೋದರೆ ಬೆಳೆಯೂ ಹೋದಂತೆ ಎಂದು ಅವರು ನಂಬಿದ್ದರು.

1801ರಲ್ಲಿ ಕೇಂಬ್ರಿಜ್ಜಿನ ವಿದ್ವಾಂಸ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಅಲ್ಲಿಗೆ ಬಂದನು. ಆಗ ಗ್ರೀಸ್ ತುರ್ಕರ ಆಳ್ವಿಕೆಯಲ್ಲಿತ್ತು. ಅಥೆನ್ಸಿನ ತುರ್ಕಿ ಅಧಿಕಾರಿಗೆ ಒಂದು ದೂರದರ್ಶಕವನ್ನು ಕಾಣಿಕೆಯಿತ್ತು, ಮೂರ್ತಿಯನ್ನು ಒಯ್ಯಲು ಅಪ್ಪಣೆ ಪಡೆದನು. ಒಂದು ದೂರದರ್ಶಕಕ್ಕೆ ಒಂದೂರಿನ ದೇವತೆ! ಸಾಗಿಸುವ ಹಿಂದಿನ ಸಂಜೆ ನೊಗ ಕಳಚಿದ ಎತ್ತೊಂದು ಮೂರ್ತಿಯನ್ನು ಕೊಂಬಿನಿಂದ ತಿವಿದು, ಕೂಗುತ್ತ ಬಯಲಿಗೆ ಓಡಿತಂತೆ. ಅಪಶಕುನವೆಂದು ಜನ ಕೆಲಸಕ್ಕೆ ಹಿಂಜರಿದರು. ಕಡೆಗೆ ಊರಿನ ಪಾದ್ರಿಯೇ ಪೂಜಾವಸ್ತ್ರ ಧರಿಸಿ ಮೊದಲ ಗುದ್ದಲಿಯೇಟು ಹಾಕಬೇಕಾಯಿತು. ಹಡಗು ಒಡೆಯುವುದು ಖಂಡಿತವೆಂದು ಊರವರು ನುಡಿದರು.

ಆ ಮಾತು ಸುಳ್ಳಾಗಲಿಲ್ಲ. ಇಂಗ್ಲೆಂಡಿನ ಬೀಚಿ ಹೆಡ್ ಬಳಿ ಹಡಗು ಒಡೆಯಿತು. ಮೂರ್ತಿಯನ್ನು ಮಾತ್ರ ರಕ್ಷಿಸಿ ಕೇಂಬ್ರಿಜ್ಜಿಗೆ ಸಾಗಿಸಿದರು. ಅತ್ತ ಎಲ್ಯೂಸಿಸ್ಸಿನಲ್ಲಿ ಮೊದಲ ವರ್ಷ ಸಮೃದ್ಧವಾಗಿ ಬೆಳೆಯಿತೆಂದೂ, ತಾಯಿ ಮರಳಿ ಬರುವಳೆಂದು ಜನ ಕಾದರೆಂದೂ, ಮರುವರ್ಷ ಬೆಳೆ ಕುಗ್ಗಿದಾಗ ಆಕೆ ತಮ್ಮನ್ನು ತೊರೆದಳೆಂದು ಅಂಜಿದರೆಂದೂ ವರದಿಯಿದೆ.

ವಿದ್ವಾಂಸರು ಮುಂದೆ ಕಂಡುಕೊಂಡದ್ದು ಬೇರೆಯೇ. ಆಕೆ ಡಿಮೀಟರಳಲ್ಲ, ಕ್ರಿ. ಪೂ. ಮೊದಲನೆಯ ಶತಮಾನದಲ್ಲಿ ದೇಗುಲದ ಒಳಬಾಗಿಲಿಗೆ ಕಂಬವಾಗಿ ನಿಲ್ಲಿಸಿದ್ದ, ತಲೆಯ ಮೇಲೆ ಪವಿತ್ರ ಪೆಟ್ಟಿಗೆ ಹೊತ್ತ ಇಬ್ಬರು ಕನ್ಯೆಯರಲ್ಲಿ ಒಬ್ಬಳು. ಈಗ ಅವಳು ಕೇಂಬ್ರಿಜ್ಜಿನ ಫಿಟ್ಜ್‌ವಿಲಿಯಮ್ ವಸ್ತುಸಂಗ್ರಹಾಲಯದಲ್ಲಿದ್ದಾಳೆ. ಜೊತೆಯವಳು ಎಲ್ಯೂಸಿಸ್ಸಿನಲ್ಲಿಯೇ ಉಳಿದಿದ್ದಾಳೆ.